ಕಣದ ರಾಶಿ ನಮಗೂ ತೋರಿಸಿ

ನಾನಿರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಮಧುಗಿರಿ ಕಡೆಯ ನಮ್ಮೂರಿನವರಿಗೆ ಅದೂ ಲಂಡನ್ನೇ. ತಿದ್ದುವ ಪ್ರಯತ್ನ ಬಿಟ್ಟು ವರ್ಷಗಳಾದವು. ರಜೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಿಮ್ಮ ಲಂಡನ್ನಲ್ಲಿ ಹೊಸ ಔಷಧಿ ಪರೀಕ್ಷೆ ಅಂದ್ರೆ ಜನ ತಾವಾಗೇ ಮುಂದೆ ಬರ್ತಾರಂತೆ. ನಮ್ಮೋರೋ, ಹೆಸರು ಕೇಳಿದ್ರೆ ಓಡ್ತಾರೆ." ಹೇಳುವವರು ಸಾಮಾನ್ಯವಾಗಿ ತುಮಕೂರಿನಲ್ಲಿ ಮನೆ ಮಾಡಿಕೊಂಡ, ಓದಿದ ನೆಂಟರೇ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ತುಮಕೂರು ಓಡಿದ ಜಿಲ್ಲೆಯೇ ಅಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅದರ ಮೊದಲ ದೊಡ್ಡ ಕೆಲಸಗಳಲ್ಲೊಂದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಟಿಬಿ ಸಮೀಕ್ಷೆ. ಜನ ಎಕ್ಸ್‌ರೇಗೆ ಎದೆಯೊಡ್ಡಿದರು, ಡಬ್ಬಿಯಲ್ಲಿ ಕಫ ಕೊಟ್ಟರು. ಅದರ ಹಿಂದೆಯೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಸಂಶೋಧಕರು ರೋಗಿಗಳ ಬಳಿ ಕೂತು ಕೇಳಿದ್ದು ಬಹಳ ಸಾದಾ ಪ್ರಶ್ನೆ: ಕೆಮ್ಮು ಶುರುವಾದ ಮೇಲೆ ನೀವು ಏನು ಮಾಡಿದಿರಿ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರಾಗಿ ಬರುವುದಿಲ್ಲ, ನಾವೇ ವ್ಯಾನು ತೆಗೆದುಕೊಂಡು ಹೋಗಿ ಹುಡುಕಬೇಕು ಎಂದು ತಜ್ಞರು ನಂಬಿದ್ದ ಕಾಲ ಅದು. ಉತ್ತರ ಬೇರೆಯೇ ಬಂತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಆಸ್ಪತ್ರೆಯೇ ಅವರ ಕೈಗೆ ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಿತ್ತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಬುನಾದಿಯಾದದ್ದು ಈ ತಿಳಿವಳಿಕೆಯೇ: ಕೆಮ್ಮು ಎಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. 1963ರಲ್ಲಿ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ನನಗೆ ಇದು ಗೊತ್ತಾದದ್ದು ಲೆಸ್ಟರಿನ ಒಂದು ಉಪನ್ಯಾಸದಲ್ಲಿ, ಪರದೆಯ ಮೇಲೆ ನಮ್ಮ ಜಿಲ್ಲೆಯ ಹೆಸರು ಕಂಡಾಗ. ಊರಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಈಗ ಇತ್ತೀಚಿನದಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನ ಮಗನಿಗೆ ಮಾತ್ರೆಗೆ ಬಗ್ಗದ ಟಿಬಿ ಆಯಿತು. ಟಿಬಿಯ ಮುಖ್ಯ ಮಾತ್ರೆಗಳಾದ ಐಸೊನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ರೋಗಾಣು ಕ್ಯಾರೇ ಎನ್ನದ ಸ್ಥಿತಿ. ಡಾಕ್ಟರುಗಳು ಎಂಡಿಆರ್ ಅನ್ನುತ್ತಾರೆ. ಆಗಿನ ಚಿಕಿತ್ಸೆ ಒಂದೂವರೆ ಎರಡು ವರ್ಷದ್ದು, ಜೊತೆಗೆ ತಿಂಗಳುಗಟ್ಟಲೆ ಸೂಜಿ, ಆ ಸೂಜಿಯಿಂದ ಕಿವಿ ಮಂದವಾಗುವ ಭಯ ಬೇರೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಹೊಸ ಮಾತ್ರೆಗಳ ಅಧ್ಯಯನಕ್ಕೆ ಸೇರುತ್ತೀಯಾ ಎಂದು ಕೇಳಿದರು. "ಮನೇಲಿ ಕೇಳ್ಕಂಡ್ ಬರ್ತೀನಿ ಸಾರ್" ಎಂದು ಬಸ್ಸು ಹತ್ತಿದ.

ಆ ಸಂಜೆ ಜಗಲಿಯ ಮೇಲೆ ನಡೆದ ಮಾತುಕತೆಯನ್ನು ನಾನು ಫೋನಿನಲ್ಲೇ ಕೇಳಿಸಿಕೊಂಡೆ. "ಮಾತ್ರೆ ಒಗ್ಗದೆ ಹೋದ್ರೆ ನಡುವೆ ಬಿಡಬೋದಾ, ಬಿಟ್ರೆ ಮಾಮೂಲಿ ಔಷಧಿ ಕೊಡ್ತಾರಾ?" ಅಂದರು ದೊಡ್ಡಪ್ಪ. "ಹೋದ ದಿನದ ಕೂಲಿ ಹೋಯ್ತಲ್ಲ, ಬಸ್ ಚಾರ್ಜಾದ್ರೂ ಕೊಡ್ತಾರಾ?" ಇದು ಅತ್ತಿಗೆ. ಮೇಷ್ಟ್ರಾಗಿ ನಿವೃತ್ತರಾದ ಮಾವ ಮಾತ್ರ ಒಂದೇ ಪಟ್ಟು: "ಹೆಚ್ಚುಕಮ್ಮಿ ಆದ್ರೆ ಹೊಣೆ ಯಾರದು? ಬರೆದು ಕೊಡ್ತಾರೇನು ಕೇಳ್ರಪ್ಪ."

ಇಲ್ಲಿ ಇಂಗ್ಲೆಂಡಿನಲ್ಲಿ ಇಂಥ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಳಲ್ಲಿ ಸೂಟು ಹಾಕಿಕೊಂಡವರು ಕೇಳುವುದೂ ಇದನ್ನೇ. ನಮ್ಮ 2019ರ ಔಷಧ ಪ್ರಯೋಗ ನಿಯಮಗಳಲ್ಲಿ ಉತ್ತರವೂ ಇದೆ: ಯಾವಾಗ ಬೇಕಾದರೂ ಹೊರಬರಬಹುದು, ಪ್ರಯೋಗದಿಂದಲೇ ಹಾನಿಯಾದರೆ ಅದನ್ನು ನಡೆಸುವವರು ಪರಿಹಾರ ಕೊಡಬೇಕು, ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು. ಹೀಗೆ ಕೂತು ಕೇಳುವ ಜಗಲಿಯನ್ನು ಅಂಜುಬುರುಕರ ಸಭೆ ಅನ್ನುವವರು ಒಂದು ಸಂಜೆ ಅಲ್ಲಿ ಕೂತು ನೋಡಬೇಕು.

ಅವನು ಸೇರಿದ. ಗುಣವೂ ಆದ. ಕೊನೆಯ ಭೇಟಿಯಲ್ಲಿ ಕೇಳಿದನಂತೆ, "ನನ್ನಂಗೆ ಸೇರಿದ್ದ ಮಿಕ್ಕೋರೆಲ್ಲ ಏನಾದ್ರು ಸಾರ್?" ಉತ್ತರ: "ಅದೆಲ್ಲ ಮೇಲಿನವರಿಗೆ ಹೋಗುತ್ತಪ್ಪ." ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಇರುವುದು ಈ ಒಂದು ವಾಕ್ಯದ ಮೇಲೆ. ಬೆಳೆಯ ಪಾಲಿಗೆ ಗೇಯ್ದವನಿಗೂ ಕಣದಲ್ಲಿ ರಾಶಿ ತೋರಿಸುತ್ತಾರೆ.

ಲೆಸ್ಟರಿನ ನಮ್ಮ ಪಕ್ಕದ ಮನೆಯಲ್ಲಿ ಗುಜರಾತಿನ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನಾವೆಲ್ಲ ಮಾಸಿ ಅನ್ನುತ್ತೇವೆ. ಯಾವ ಇನ್ಹೇಲರಿಗೂ ಜಗ್ಗದ ಆಸ್ತಮಾ ಅವರದು. ಅಂಥ ಆಸ್ತಮಾದ ಸಂಶೋಧನೆಗೆ ಈ ಊರು ಹೆಸರುವಾಸಿ. ಕಫದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣ ಹೆಚ್ಚಿರುವವರನ್ನೇ ಆರಿಸಿ ಮೆಪೊಲಿಜುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟು ನೋಡಿದ ಅಧ್ಯಯನ ನಡೆದದ್ದು ಇಲ್ಲೇ, 2009ರಲ್ಲಿ ಪ್ರಕಟವಾಯಿತು. ಆಸ್ತಮಾ ಇದ್ದವರಿಗೆಲ್ಲ ಕೊಟ್ಟು ನೋಡಿದಾಗ ಸೋತಿದ್ದ ಔಷಧಿ, ಸರಿಯಾದವರಿಗೆ ಕೊಟ್ಟಾಗ ಗೆದ್ದಿತು. ಸೇರಿದ್ದವರು ಬರೀ 61 ಜನ. ಅಲ್ಲೂ ಕಫ, ಇಲ್ಲೂ ಕಫ. ನಗು ಬರುತ್ತದೆ, ಆದರೆ ಎರಡೂ ಕಡೆ ದಾರಿ ತೋರಿಸಿದ್ದು ಅದೇ.

ಮಾಸಿ ಬೇರೆ ಯಾವುದೋ ಔಷಧಿಯ ಅಧ್ಯಯನಕ್ಕೆ ಸೇರಿದ್ದರು. ಮುಗಿದು ಬಹಳ ಕಾಲವಾದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು, ಸರಳ ಇಂಗ್ಲಿಷಿನಲ್ಲಿ. ಮಗ ಅಡುಗೆಮನೆಯಲ್ಲಿ ನಿಂತು ಗುಜರಾತಿಯಲ್ಲಿ ಓದಿ ಹೇಳಿದ: ಈ ಔಷಧಿ, ಹೋಲಿಕೆಗೆಂದು ಕೊಡುವ ಔಷಧಿಯಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ, ನಿಮಗೆ ಧನ್ಯವಾದ. ನನಗೆ ಪಿಚ್ಚೆನಿಸಿತು. ಮಾಸಿ ಚಪಾತಿ ತಿರುವಿ ಹಾಕುತ್ತಾ, "ಸರಿ, ಇನ್ನೊಬ್ಬಳು ಇದನ್ನ ನುಂಗೋದು ತಪ್ಪಿತು" ಅಂದರು.

ಇಲ್ಲಿನದೆಲ್ಲ ಚಿನ್ನ ಅನ್ನುತ್ತಿಲ್ಲ. ಸಹಿ ಹಾಕುವ ದಿನ ಮಾಸಿಯನ್ನು ಒಬ್ಬರನ್ನೇ ಒಳಗೆ ಕೂರಿಸಿದ್ದರು, ಮಗ ಹೊರಗಿನ ಕುರ್ಚಿಯಲ್ಲಿ. ರೋಗಿಯ ಸ್ವಂತ ನಿರ್ಧಾರಕ್ಕೆ ಯಾರೂ ಒತ್ತಡ ಹಾಕಬಾರದು ಅನ್ನುವುದು ಸರಿಯೇ. ಆದರೆ ಅರ್ಥವಾಗದ ಪುಟಗಳಿಗೆ ಒಬ್ಬಂಟಿಯಾಗಿ ತಲೆಯಾಡಿಸುವುದು ಎಂಥ ಸ್ವಂತ ನಿರ್ಧಾರ? ಆ ವಿಷಯದಲ್ಲಿ ನಮ್ಮ ಜಗಲಿಯೇ ವಾಸಿ. ಜಗಲಿಯಲ್ಲೂ ತೊಂದರೆ ಇಲ್ಲದಿಲ್ಲ. ರೋಗಿ ಮನೆಯ ಸೊಸೆಯಾಗಿದ್ದರೆ ಅವಳ ಮಾತು ಎಷ್ಟು ಕೇಳಿಸುತ್ತಿತ್ತೋ.

ಚಿಕ್ಕಪ್ಪನ ಮಗ ಕೇಳಿದ ಪ್ರಶ್ನೆಗೆ ಈಗ ಒಂದು ಮಟ್ಟಿಗೆ ಜಗತ್ತೇ ಉತ್ತರ ಕೊಟ್ಟಿದೆ. ಬೆಲಾರೂಸ್, ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ನಾಲ್ಕೂ ಸೇರಿದ ಆರು ತಿಂಗಳ ಚಿಕಿತ್ಸೆಯಲ್ಲಿ, ಸೂಜಿಯ ಹಂಗಿಲ್ಲದೆ, ಶೇ. 89 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಹಳೆಯ ಕ್ರಮದಲ್ಲಿ ಅದು ಶೇ. 52. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸಬರನ್ನು ಸೇರಿಸುವುದನ್ನು ಮೊದಲೇ ನಿಲ್ಲಿಸಿದ್ದರು. ಲಿನೆಜೊಲಿಡ್ ಹೆಚ್ಚಾದರೆ ಕೈಕಾಲಿನ ನರ ಜುಮ್ಮೆನ್ನುವ, ರಕ್ತ ಕಡಿಮೆಯಾಗುವ ಕಾಟ ಇದೆ. ಪ್ರಮಾಣ ಇಳಿಸಿದರೂ ಸಾಕು ಎಂದು ತೋರಿಸಲು ಇನ್ನೊಂದು ಪ್ರಯೋಗವೇ ಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇಷ್ಟನ್ನೂ ಅವನಿಗೆ ವಾಟ್ಸಾಪಿನಲ್ಲಿ ಹೇಳಿದವನು ನಾನು, ಸಾವಿರಾರು ಮೈಲಿ ಆಚೆಯಿಂದ. ಅವನಿದ್ದ ಅಧ್ಯಯನದ ಗತಿ ಇಬ್ಬರಿಗೂ ತಿಳಿಯದು.

ಅಧ್ಯಯನದಲ್ಲಿ ಕಂಡದ್ದನ್ನು ಸಮುದಾಯಕ್ಕೆ ತಿಳಿಸಲು ಪ್ರಯತ್ನಿಸಿ ಎಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೇ ಹೇಳುತ್ತದೆ. ಅಂಚೆಯ ಕಾಗದವೇ ಆಗಬೇಕಿಲ್ಲ. ಗ್ರಾಮಸಭೆಯಲ್ಲಿ ಹತ್ತು ನಿಮಿಷ, ಪಿಎಚ್‌ಸಿ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ, ಇಲ್ಲವೇ ಆಶಾ ಕಾರ್ಯಕರ್ತೆಯ ಬಾಯಲ್ಲಿ ನಾಲ್ಕು ಮಾತು ಸಾಕು. ಟಿಬಿ ಎಂದು ಊರಿಗೆಲ್ಲ ಗೊತ್ತಾಗುವುದು ಬೇಡ ಅನ್ನುವವರಿಗೆ ಫೋನು ಮಾಡಿ ಹೇಳಲಿ. ಇದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಬೇಕು, ಸಹಿಗೆ ಮುಂಚೆ.

ಚಿಕ್ಕಪ್ಪನ ಮಗ ಅದನ್ನೆಲ್ಲ ಮರೆತು ಟೊಮೇಟೊ ರೇಟಿನ ಚಿಂತೆಯಲ್ಲಿದ್ದಾನೆ. ದೊಡ್ಡಪ್ಪ ಮರೆತಿಲ್ಲ. "ಇನ್ನೊಂದ್ ಸಲ ಯಾರಾದ್ರೂ ಬಂದ್ರೆ, ಮೊದ್ಲು ಹೋದ್ ಸಲದ್ದು ಏನಾಯ್ತು ಹೇಳ್ರಪ್ಪ ಅಂತೀನಿ" ಅನ್ನುತ್ತಾರೆ. ಆಗ ತುಮಕೂರಿನ ನಮ್ಮ ನೆಂಟರು ಅವರನ್ನು ಹೆದರುಪುಕ್ಕಲ ಅಂದಾರು. ನಾನು ದೊಡ್ಡಪ್ಪನ ಕಡೆ.