ಅವ್ವನ ಉಂಗುರ ಮತ್ತು ಇಂಡಿ ಲಿಂಬೆ

ಹೋದ ವರ್ಷ ಉಪ್ಪಿನಕಾಯಿಗೆಂದು ಇಂಡಿಯಿಂದ ಒಂದು ಚೀಲ ಲಿಂಬೆಹಣ್ಣು ತರಿಸಿದ್ದೆವು. ಎರಡು ದಿನ ಅವ್ವನ ಕೈ ಲಿಂಬೆರಸದಲ್ಲೇ ಇತ್ತು. ಬೆರಳಲ್ಲಿ ಮಾಣಿಕ್ಯದ ಉಂಗುರ. ಮೂರನೇ ದಿನ ನೋಡಿದರೆ ಕೆಂಪು ಹರಳಿನ ಮೇಲೆ ಜೇಡರಬಲೆಯಂಥ ಬಿಳಿ ಗೆರೆಗಳು. "ನನ್ನ ಕೈಲೆ ಏನರ ತಪ್ಪಾತೇನು?" ಅಂತ ಅವ್ವ ಕಣ್ಣೀರು ಹಾಕಿದಳು.

ತಪ್ಪು ಅವಳದಲ್ಲ. ಮಾಣಿಕ್ಯ ಅಂದರೆ ಕುರುಂದ ಎಂಬ ಖನಿಜ. ವಜ್ರದ ಗಡಸುತನ 10 ಆದರೆ ಇದರದು 9. ಲಿಂಬೆಹುಳಿ ಇದನ್ನು ಏನೂ ಮಾಡಲಾರದು. ಹುಳಿ ತಿಂದದ್ದು ಗಾಜನ್ನು! ಬಿರುಕುಬಿಟ್ಟ ಅಗ್ಗದ ಕಲ್ಲಿಗೆ ಸೀಸ ಬೆರೆತ ಗಾಜನ್ನು ಕರಗಿಸಿ ತುಂಬಿದರೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. 2004ರ ಸುಮಾರಿಗೆ ಮಾರುಕಟ್ಟೆಗೆ ಬಂದ ಕೈಚಳಕ ಇದು. ಆಮೇಲೆ ಭೂತಗನ್ನಡಿಯಲ್ಲಿ ನೋಡಿದೆ. ಕಲ್ಲನ್ನು ಹೊರಳಿಸಿದರೆ ಬಿರುಕಿನುದ್ದಕ್ಕೂ ನೀಲಿ ಮಿಂಚು, ಅಲ್ಲಲ್ಲಿ ದುಂಡನೆಯ ಗಾಳಿಗುಳ್ಳೆ. ಮಾರಿದವರು ಇದನ್ನು ಹೇಳಿರಲಿಲ್ಲ. "ಒಂದು ಕಲೆ ಇಲ್ರಿ, ದೋಷ ಇಲ್ರಿ" ಅಂದಿದ್ದರು, ನಾವೂ ಅದನ್ನೇ ಕೇಳಿದ್ದೆವು.

ನನ್ನ ಸಂಕಟ ಇರುವುದೇ ಇಲ್ಲಿ. ಯಾವ ರಾಶಿಯವರಿಗೆ ಅಂತ ಕೇಳುತ್ತೇವೆ, ತೂಕ ಕೇಳುತ್ತೇವೆ, ಕಲೆ ಇರಬಾರದು ಅನ್ನುತ್ತೇವೆ. ಕಲ್ಲಿನೊಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಅಪರೂಪದ ಹರಳುಗಳ ಸೊಗಸೆಲ್ಲ ನಾವು ದೋಷ ಅನ್ನುವ ಆ ಒಳಗಿನ ವಸ್ತುವಿನಲ್ಲೇ ಇದೆ. ಅಪ್ಪಟ ಕುರುಂದಕ್ಕೆ ಬಣ್ಣವೇ ಇಲ್ಲ. ಚೂರು ಕ್ರೋಮಿಯಂ ಸೇರಿದರೆ ಕೆಂಪು ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಅದೇ ಕ್ರೋಮಿಯಂ ಅಲೆಕ್ಸಾಂಡ್ರೈಟ್ ಎಂಬ ಹರಳಿನಲ್ಲಿದ್ದರೆ ಹಗಲಲ್ಲಿ ಹಸಿರು, ದೀಪದ ಮುಂದೆ ಕೆಂಪು. ಗೋಮೇಧಿಕದೊಳಗೆ ಮಹಾಲಿಂಗಪುರದ ಬೆಲ್ಲದ ಪಾಕ ತಿರುವಿದಂಥ ಸುಳಿ ಕಾಣುತ್ತದೆ. ಅದೇ ಅದರ ಗುರುತು. ರಷ್ಯದ ಉರಲ್ ಪರ್ವತದ ಡಿಮಾಂಟಾಯ್ಡ್ ಎಂಬ ಹಸಿರು ಗಾರ್ನೆಟ್‌ನಲ್ಲಿ ಕುದುರೆ ಬಾಲದಂತೆ ಹರಡಿದ ಎಳೆಗಳಿದ್ದರೆ ಬೆಲೆ ಏರುತ್ತದೆ.

ವೈಡೂರ್ಯ, ಅಂದರೆ ಬೆಕ್ಕಿನ ಕಣ್ಣಿನ ಕಲ್ಲು, ತಿಳಿಯಬೇಕಾದರೆ ಇಳಕಲ್ಲಿನ ಮಗ್ಗದ ಮನೆಗೆ ಹೋಗಿ. ಸುತ್ತಿಟ್ಟ ರೇಷ್ಮೆಯ ಉರುಳೆಯ ಮೇಲೆ ಎಳೆಗಳಿಗೆ ಅಡ್ಡಲಾಗಿ ಒಂದು ಬೆಳಕಿನ ಗೆರೆ ಓಡುತ್ತದಲ್ಲ, ಬೆಕ್ಕಿನ ಕಣ್ಣಿನ ಗೆರೆಯೂ ಅದೇ. ಕಲ್ಲಿನೊಳಗೆ ಒಂದೇ ದಿಕ್ಕಿಗೆ ಮಲಗಿದ ಸೂಕ್ಷ್ಮ ಎಳೆಗಳು ಬೆಳಕನ್ನು ಒಂದೇ ಗೆರೆಯಾಗಿ ಹಿಂದಿರುಗಿಸುತ್ತವೆ. ಮಾಣಿಕ್ಯದಲ್ಲಿ ರೂಟೈಲ್ ಎಂಬ ಖನಿಜದ ಸೂಜಿಗಳು ಮೂರು ದಿಕ್ಕಿಗೆ ಹೆಣೆದುಕೊಂಡರೆ ಮೂರು ಗೆರೆಗಳು ದಾಟಿ ಆರು ಕಿರಣದ ನಕ್ಷತ್ರ. ಈ ಎಳೆಗಳಿಗೆ ರತ್ನ ಬಲ್ಲವರು ಇಟ್ಟ ಹೆಸರೂ ರೇಷ್ಮೆಯೇ. ಕಲ್ಲನ್ನು ತುಂಬ ಕಾಯಿಸಿ ಸ್ವಚ್ಛ ಮಾಡಲು ಹೋದರೆ ರೇಷ್ಮೆ ಕರಗಿ ನಕ್ಷತ್ರ ಅಳಿದೇ ಹೋಗುತ್ತದೆ.

ಇಂಥ ನಕ್ಷತ್ರ ಮಾಣಿಕ್ಯ ನಮ್ಮ ಮೈಸೂರು ಸೀಮೆಯಲ್ಲೇ ಸಿಗುತ್ತದೆ. ಮಬ್ಬು, ನೇರಳೆಗೆಂಪು, ಪಾರದರ್ಶಕವಲ್ಲ. ಹಾಗಾಗಿ ವಿಜಯಪುರದ ಅಂಗಡಿಗಳಲ್ಲಿ ಕೇಳುವವರು ಕಡಿಮೆ. ಹರಳು ಕೊಳ್ಳುವವರು ದಯವಿಟ್ಟು ಗಾಜು ತುಂಬಿದ್ದೀರಾ, ಕಾಯಿಸಿದ್ದೀರಾ ಅಂತ ನೇರ ಕೇಳಿ. ಪ್ರಯೋಗಾಲಯದ ವರದಿ ಇಲ್ಲದೆ ದುಡ್ಡು ಕೊಡಬೇಡಿ.

ಅವ್ವನಿಗೆ ದೀಪಾವಳಿಗೆ ಅಂಥದೊಂದು ಸಣ್ಣ ಕಲ್ಲು ತಂದುಕೊಟ್ಟೆ. ಮೊದಲು "ಏನಿದು, ಹುಣಸಿ ಬೀಜದಂಗೈತಿ" ಅಂದಳು. ಅಂಗಳದ ಬಿಸಿಲಿಗೆ ಹಿಡಿದು ಮೆಲ್ಲಗೆ ಕೈ ಹೊರಳಿಸಿದಳು. ಕಲ್ಲಿನ ಬೆನ್ನ ಮೇಲೆ ಆರು ಕಿರಣಗಳು ಎದ್ದು ಅತ್ತಿತ್ತ ಸರಿದವು. "ಚುಕ್ಕಿ ನಡದಾಡಾಕತ್ತೈತಲ್ಲೋ!" ಅಂದವಳು ಆ ಹೊತ್ತು ಒಳಗೇ ಬರಲಿಲ್ಲ.