ಇಲ್ಲಿ ಸಂಜೆನೇ ಆಗಲ್ಲ ಕಣೋ

ಅಮ್ಮ ಚೆನ್ನೈಯಿಂದ ಬೆಂಗಳೂರಿಗೆ ವಾಪಸ್ ಹೋಗಿ ನಾಲ್ಕು ದಿನ ಆಗಿತ್ತು. ಫೋನ್ ಮಾಡಿದೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮಂಡಿ ನೋವು ಹೇಗಿದೆ ಅಂತ ಮಾಮೂಲಿ ಮಾತು. ಎಲ್ಲದಕ್ಕೂ ಹೂಂ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಸಂಜೆನೇ ಆಗಲ್ಲ ಕಣೋ. ಮಧ್ಯಾಹ್ನ ಮುಗೀತು ಅಂದ್ರೆ ನೇರ ರಾತ್ರಿನೇ" ಅಂದಳು.

ಆ ಮಾತು ಚುಚ್ಚಿತು. ಎರಡು ದಿನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದವನು. ಚೆನ್ನೈಗೆ ಬಂದು 14 ವರ್ಷ ಆಯಿತು. ಅಡ್ಯಾರಿನಲ್ಲಿ ಬಾಡಿಗೆ ಮನೆ. ಅಪ್ಪ ಹೋದ ಮೇಲೆ ಅಮ್ಮ ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. "ಅಲ್ಲಿ ಸೆಕೆ, ಭಾಷೆ ಬರಲ್ಲ, ನಾನು ಬಂದು ಏನು ಮಾಡ್ಲಿ" ಅಂತ ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದವಳು, ಈ ಸಲ ಡಿಸೆಂಬರ್ ಮಧ್ಯದಲ್ಲಿ ಬಂದು ಪೊಂಗಲ್ ಮುಗಿಸಿಕೊಂಡೇ ಹೋದಳು.

ಬಂದ ಮಾರನೇ ದಿನ ಸಂಜೆ ಐದೂವರೆಗೆ ಮೇಲಿನ ಮನೆ ಪಾಟಿ ಬಾಗಿಲು ತಟ್ಟಿದರು. ಎಂಬತ್ತು ದಾಟಿದ ಅಜ್ಜಿ. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ನೀರಿನ ಬಾಟಲಿ, ಮಡಚಿಟ್ಟ ಹಳೇ ಬೆಡ್‌ಶೀಟು. "ಕಾತ್ತು ವಾಂಗ ಪೋರೋಂ, ಅಮ್ಮಾವೂ ವರಟ್ಟುಂ" ಅಂದರು. ಗಾಳಿಗೆ ಹೋಗುತ್ತಿದ್ದೇವೆ, ನಿಮ್ಮಮ್ಮನೂ ಬರಲಿ ಅಂತ. ತಮಿಳಿನಲ್ಲಿ ಅಂಗಡಿಯಿಂದ ಕೊಳ್ಳುವುದಕ್ಕೂ 'ವಾಂಗು' ಅಂತಲೇ ಹೇಳೋದು. ಅದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ನಕ್ಕುಬಿಟ್ಟಳು. "ಗಾಳಿನೂ ಕೊಂಡ್ಕೋಬೇಕಾ ಇಲ್ಲಿ?" ಅಂತ ಕೇಳುತ್ತಲೇ ಚಪ್ಪಲಿ ಹಾಕಿಕೊಂಡಳು.

ಬೆಸೆಂಟ್ ನಗರದ ಬೀಚು ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಮರಳಿನ ಮೇಲೆ ಬಿಳಿ ಕಮಾನಿನ ಒಂದು ಸ್ಮಾರಕ ಇದೆ. 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಷ್ಮಿಟ್ ಎಂಬ ಡೆನ್ಮಾರ್ಕಿನವನದು. ಅದರಿಂದ ಸ್ವಲ್ಪ ದೂರದಲ್ಲಿ ಪಾಟಿಯ ಜಾಗ. ಜಾಗ ಅಂದರೆ ಬರೀ ಮರಳು, ಗುರುತೇನೂ ಇಲ್ಲ. ಆದರೆ ಎಷ್ಟೋ ವರ್ಷದಿಂದ ಅವರು ಕೂರುವುದು ಅಲ್ಲೇ. ಬೆಡ್‌ಶೀಟು ಹಾಸಿದರು, ಕಾಲು ಚಾಚಿದರು, ಪಕ್ಕ ತಟ್ಟಿ ಅಮ್ಮನನ್ನು ಕೂರಿಸಿಕೊಂಡರು. ಒಬ್ಬರದು ತಮಿಳು, ಇನ್ನೊಬ್ಬರದು ಹಾಸನದ ಕನ್ನಡ. ಪಾಟಿ ತಮ್ಮ ಮಂಡಿ ಮುಟ್ಟಿ ಏನೋ ಹೇಳಿದರು. ಅಮ್ಮ ತನ್ನ ಮಂಡಿ ಮುಟ್ಟಿಕೊಂಡು "ನನಗೂ ಹಂಗೇ, ಮೆಟ್ಟಿಲು ಇಳಿಯುವಾಗ ಜಾಸ್ತಿ" ಅಂದಳು. ಇಬ್ಬರೂ ತಲೆಯಾಡಿಸಿದರು. ಮುಂದಿನ ಒಂದು ಗಂಟೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಅಮ್ಮ ಆ ದಿನ ಸಮುದ್ರಕ್ಕಿಂತ ಜಾಸ್ತಿ ನೋಡಿದ್ದು ಜನರನ್ನು. ನಮ್ಮ ಮುಂದೆ ಒಂದು ಸಂಸಾರ ಕೂತಿತ್ತು. ಒಂಬತ್ತು ಜನ. ತಾತ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಾದ ಮರಳಿನೊಳಗೆ. ಸೊಸೆ ಸ್ಟೀಲ್ ಡಬ್ಬಿ ತೆಗೆದು ಚಿತ್ರಾನ್ನ ಬಡಿಸುತ್ತಿದ್ದಳು. ಮಗ ಆಫೀಸಿನಿಂದ ನೇರ ಅಲ್ಲಿಗೇ ಬಂದಿದ್ದ. ಕೊರಳಲ್ಲಿ ಇನ್ನೂ ಐಡಿ ಕಾರ್ಡು, ಶೂ ಕಳಚಿ ಪಕ್ಕಕ್ಕಿಟ್ಟು ತನ್ನ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿ ಮಲಗಿದ್ದ. ಜೋಳ ಸುಡುವ ಗಾಡಿಯ ಬೆಳಕಿನಲ್ಲಿ ಒಂದು ಹುಡುಗಿ ನೋಟ್‌ಬುಕ್ ಬಿಡಿಸಿ ಲೆಕ್ಕ ಮಾಡುತ್ತಿದ್ದಳು. "ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್" ಅಂತ ಕೂಗುತ್ತಾ ಬಂದವನ ಹತ್ತಿರ ಪಾಟಿ ಎರಡು ಪೊಟ್ಟಣ ಕೊಂಡರು. ಅಮ್ಮ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಉಸಲಿನೇ ಅಲ್ವಾ, ಮಾವಿನಕಾಯಿ ಹಾಕಿದಾರೆ ಅಷ್ಟೇ" ಅಂದಳು.

ಆ ದಿನದಿಂದ ಐದು ಗಂಟೆಗೇ ತಲೆ ಬಾಚಿ, ಸೀರೆ ಬದಲಿಸಿ, ದೀಪ ಹಚ್ಚಿಟ್ಟು ಬಾಗಿಲ ಹತ್ತಿರ ಕಾಯುತ್ತಾ ಕೂರುತ್ತಿದ್ದಳು.

ಇಲ್ಲಿನ ಸಮುದ್ರದ ಒಂದು ಗುಣ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಇದು ಪೂರ್ವದ ಕಡಲು. ಸೂರ್ಯ ನಮ್ಮ ಬೆನ್ನ ಹಿಂದೆ, ಊರಿನ ಕಟ್ಟಡಗಳ ಆಚೆ ಮುಳುಗುತ್ತಾನೆ. ಮಂಗಳೂರಿನ ಗೆಳೆಯ ಒಮ್ಮೆ ಪಣಂಬೂರಿಗೆ ಕರೆದುಕೊಂಡು ಹೋಗಿದ್ದ. ಎಲ್ಲರೂ ಸೂರ್ಯ ಮುಳುಗುವುದನ್ನೇ ಕಾಯುತ್ತಿದ್ದರು. ಮುಳುಗಿತು, ಫೋಟೋ ಆಯಿತು, ಬಟ್ಟೆ ಕೊಡವಿಕೊಂಡು ಎದ್ದರು. ಊರಿನಿಂದ ಹತ್ತು ಕಿಲೋಮೀಟರ್ ಬಂದವರು, ಪಾಪ, ವಾಪಸ್ ಹೋಗಬೇಕಲ್ಲ. ಚೆನ್ನೈಯಲ್ಲಿ ಹಾಗೆ ಎದ್ದು ಹೋಗುವ ಗಳಿಗೆಯೇ ಇಲ್ಲ. ಸೂರ್ಯ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕತ್ತಲಾಗುತ್ತದೆ, ಗಾಳಿ ತಂಪಾಗುತ್ತದೆ, ಜನ ಇನ್ನೂ ಬರುತ್ತಲೇ ಇರುತ್ತಾರೆ.

ಹುಣ್ಣಿಮೆಯ ದಿನವಂತೂ ಚಂದ್ರ ನೀರಿನಿಂದಲೇ ಏಳುತ್ತಾನೆ. ಮೊದಲು ಕೆಂಪಗೆ, ಹಣ್ಣಾದ ಹಾಗೆ. ಅಮ್ಮ ಅದನ್ನು ಕಂಡದ್ದೇ "ಬೆಳದಿಂಗಳ ಊಟ ಮಾಡ್ಬೇಕಿತ್ತು" ಅಂದಳು. ಮಾರನೇ ದಿನ ಮೊಸರನ್ನ ಕಲಸಿಕೊಂಡು ಬಂದೆವು. ಅಮ್ಮ ಪಾತ್ರೆ ಮಧ್ಯೆ ಇಟ್ಟುಕೊಂಡಳು. ನನ್ನ ಮಕ್ಕಳು, ಹೆಂಡತಿ, ಪಾಟಿಯ ಮೊಮ್ಮಗಳು, ನಾನು, ಎಲ್ಲರೂ ಸುತ್ತ ಕೈ ಚಾಚಿ ಕೂತೆವು. ಒಂದೊಂದೇ ತುತ್ತು, ಅದರ ಮಧ್ಯೆ ಗುಳಿ ಮಾಡಿ ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ. ಅಮ್ಮನ ಕೈತುತ್ತು ತಿಂದು ನನಗೆ ಮೂವತ್ತು ವರ್ಷದ ಮೇಲಾಗಿತ್ತು.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಕಾಣುಂ ಪೊಂಗಲ್. ಕಾಣುವ ಹಬ್ಬ. ಹಿರಿಯರನ್ನು, ನೆಂಟರನ್ನು ನೋಡಿ ಬರುವ ದಿನ. ಚೆನ್ನೈಯವರಿಗೆ ಅವತ್ತು ಮರೀನಾ ಬೀಚೇ ನೆಂಟರ ಮನೆ. ಅಮ್ಮನನ್ನು ಕರೆದುಕೊಂಡು ಹೋದೆ. ಅಷ್ಟು ಜನ ಒಟ್ಟಿಗೆ ಉಣ್ಣುವುದನ್ನು ಅವಳು ಜಾತ್ರೆಯಲ್ಲೂ ಕಂಡಿರಲಿಲ್ಲವಂತೆ. ಪಾತ್ರೆ ಪಾತ್ರೆ ಹುಳಿಯನ್ನ, ಕೋಳಿ ಸಾರು, ಕಬ್ಬು. ಯಾರೂ ನೀರಿಗೆ ಇಳಿಯದ ಹಾಗೆ ಉದ್ದಕ್ಕೂ ಬೇಲಿ ಕಟ್ಟಿದ್ದರು. ಪೊಲೀಸಿನವಳೊಬ್ಬಳು ಪುಟ್ಟ ಮಕ್ಕಳನ್ನು ನಿಲ್ಲಿಸಿ, ಮಣಿಕಟ್ಟಿಗೆ ಅಪ್ಪ ಅಮ್ಮನ ಫೋನ್ ನಂಬರ್ ಬರೆದ ಪಟ್ಟಿ ಕಟ್ಟುತ್ತಿದ್ದಳು. ಅಮ್ಮ ಅದನ್ನೇ ತುಂಬಾ ಹೊತ್ತು ನೋಡಿದಳು. "ಮಕ್ಳು ಕಳೆದುಹೋಗ್ತಾವೆ, ಮನೇಲೇ ಇರಿ ಅನ್ನಲಿಲ್ಲ ನೋಡು. ಬನ್ನಿ, ನಾವು ನೋಡ್ಕೋತೀವಿ ಅಂದ್ರು" ಅಂದಳು.

ಅವಳ ಆ ಮಾತು ಇನ್ನೊಂದು ಕಡೆಯೂ ನೆನಪಾಯಿತು. ಮರೀನಾದಲ್ಲಿ ಗಾಲಿಕುರ್ಚಿಯವರು ನೀರಿನ ಹತ್ತಿರದವರೆಗೂ ಹೋಗಲಿ ಅಂತ 2022ರ ನವೆಂಬರಿನಲ್ಲಿ ಮರಳಿನ ಮೇಲೆ ಮರದ ದಾರಿ ಮಾಡಿದರು. ಮುಂದಿನ ತಿಂಗಳೇ ಮಾಂಡೂಸ್ ಚಂಡಮಾರುತ ಬಂದು ಅದನ್ನು ಮುರಿದು ಹಾಕಿತು. ಮತ್ತೆ ಸರಿ ಮಾಡಿದರು. ವಯಸ್ಸಾದವರು, ಕೈಲಾಗದವರು ಕೂಡ ಹೊರಗೆ ಬರಬೇಕು ಅಂತ ಈ ಊರು ಬಯಸುತ್ತದೆ ಅನ್ನಿಸುತ್ತದೆ ನನಗೆ.

ಈಗ ಬೆಂಗಳೂರು. ತಮ್ಮನದು ಮೂರನೇ ಮಹಡಿಯ ಮನೆ. ಒಳ್ಳೆಯ ಮನೆ, ಗಾಳಿ ಬೆಳಕು ಇದೆ. ತಮ್ಮ, ಅವನ ಹೆಂಡತಿ ಇಬ್ಬರೂ ಮನೆ ಸೇರುವುದು ಎಂಟೂವರೆಗೆ. ಮಕ್ಕಳು ಸ್ಕೂಲಿನಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಕರಾಟೆಗೆ. ಅಮ್ಮ ಆರು ಗಂಟೆಗೆ ದೀಪ ಹಚ್ಚಿ, ಟೀವಿ ಹಾಕಿ, ಧಾರಾವಾಹಿ ಮುಂದೆ ಕೂರುತ್ತಾಳೆ. ಪಕ್ಕದ ಮನೆಗೆ ಹೋಗೋಣ ಅಂದರೆ ಮೊದಲು ಮೆಸೇಜ್ ಹಾಕಬೇಕು. ಬೀದಿಯ ತುದಿಯಲ್ಲಿ ಪಾರ್ಕ್ ಇದೆ. ಹೋದ ಸಲ ನಾನೇ ಕರೆದುಕೊಂಡು ಹೋದೆ. ಹುಲ್ಲಿನ ಮೇಲೆ ಕೂರಬಾರದು ಅಂತ ಬೋರ್ಡು. ಇರುವ ನಾಲ್ಕು ಬೆಂಚಿನಲ್ಲಿ ಎರಡು ಮುರಿದಿವೆ. ಮಿಕ್ಕವರೆಲ್ಲ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಿರಬಿರನೆ ಸುತ್ತುತ್ತಿದ್ದರು. ಅಮ್ಮ ಒಂದು ಸುತ್ತು ಹಾಕಿ ನಿಂತಳು. "ಎಲ್ರೂ ಓಡ್ತಾವ್ರೆ, ಕೂರೋರೇ ಇಲ್ವಲ್ಲೋ" ಅಂದಳು. ಅಲ್ಲಿ ಕೂರುವುದು ಅಂದರೆ ಕೆಲಸವಿಲ್ಲದವರ ಲಕ್ಷಣ. ನಡೆದರೆ ಮಾತ್ರ ಮರ್ಯಾದೆ.

ನನಗೆ ಸಿಟ್ಟು ಬರುವುದು ಇಲ್ಲೇ. ನಾವು ಹೀಗಿರಲಿಲ್ಲ. ಹಾಸನದ ನಮ್ಮ ಬೀದಿಯಲ್ಲಿ ಮುಸ್ಸಂಜೆ ಹೊತ್ತಿಗೆ ಮುಂಬಾಗಿಲು ಹಾಕಿದರೆ ಅಜ್ಜಿ ಬೈಯುತ್ತಿದ್ದಳು. ಅಮ್ಮ ಒಂದು ಮೊರ ಮಲ್ಲಿಗೆ ಮೊಗ್ಗು, ಬಾಳೆನಾರು ಹಿಡಿದುಕೊಂಡು ಎದುರುಮನೆ ಜಗಲಿಗೆ ಹೋಗುತ್ತಿದ್ದಳು. ಹೂ ಕಟ್ಟುವಷ್ಟರಲ್ಲಿ ಯಾರ ಮಗಳಿಗೆ ಗಂಡು ಬಂತು, ಯಾರ ಹಸು ಕರು ಹಾಕಿತು, ಯಾರ ಮನೆಯಲ್ಲಿ ದೊಡ್ಡವರು ಹಾಸಿಗೆ ಹಿಡಿದರು, ಎಲ್ಲ ಗೊತ್ತಾಗುತ್ತಿತ್ತು. ಗಂಡಸರು ಅರಳಿಕಟ್ಟೆಯಲ್ಲಿ. ಆ ಜಗಲಿ ಈಗ ಕಾರು ನಿಲ್ಲಿಸುವ ಜಾಗ. ಕಟ್ಟೆಗೆ ಕಬ್ಬಿಣದ ಬೇಲಿ ಬಂದಿದೆ. ಯಾರೂ ಕಿತ್ತುಕೊಳ್ಳಲಿಲ್ಲ, ನಾವೇ ಬಿಟ್ಟುಕೊಟ್ಟೆವು. ಮದುವೆ, ನಾಮಕರಣ ಅಂದರೆ ಲಕ್ಷ ಲಕ್ಷ ಸುರಿದು ಜನ ಸೇರಿಸುತ್ತೇವೆ. ಪುಕ್ಕಟೆ ಸಿಗುವ ಒಂದು ಸಂಜೆಯನ್ನು ಮನೆಯ ಹಿರಿಯರಿಗೆ ಕೊಡಲು ನಮ್ಮ ಕೈಲಿ ಆಗುತ್ತಿಲ್ಲ.

ಇಲ್ಲಿ ಅದಕ್ಕೆ ದುಡ್ಡೂ ಬೇಡ. ನಮ್ಮ ಮನೆ ಕೆಲಸಕ್ಕೆ ಬರುವಾಕೆ ತನ್ನ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಭಾನುವಾರ ಬೀಚಿಗೆ ಬರುತ್ತಾಳೆ. 2021ರಿಂದ ಸಾಮಾನ್ಯ ಸಿಟಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅನ್ನ ಮನೆಯದು, ಮರಳು ಎಲ್ಲರದು. ಅವಳ ಬೆಡ್‌ಶೀಟು, ದೊಡ್ಡ ಕಾರಿನಲ್ಲಿ ಬಂದವರ ಬೆಡ್‌ಶೀಟು ಒಂದರ ಪಕ್ಕ ಒಂದು.

ಇದೆಲ್ಲ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. "ನಿಮಗೆ ಸಮುದ್ರ ಇದೆ ಬಿಡಣ್ಣ" ಅಂದ. ಸಮುದ್ರ ಇದ್ದರೆ ಸಾಲದು ಕಣೋ, ನಿಮಗೂ ಕಬ್ಬನ್ ಪಾರ್ಕ್ ಇದೆ, ಲಾಲ್‌ಬಾಗ್ ಇದೆ, ಕೆರೆಗಳಿವೆ ಅಂದೆ. ಅವನು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಅಣ್ಣ, ಹನ್ನೊಂದು ತಿಂಗಳು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಾನು" ಅಂದ.

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ದಿನಾ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕಳೆದು ಬಂದು, ರಾತ್ರಿ ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿ ಮಲಗುತ್ತಾನೆ. ನಾನು ಒಂದು ತಿಂಗಳು ಬೀಚು ತೋರಿಸಿದವನು.

ಚೆನ್ನೈ ಬಗ್ಗೆಯೂ ಪೂರ್ತಿ ಹೇಳಬೇಕಲ್ಲ. ಅಮ್ಮ ಬಂದದ್ದು ಡಿಸೆಂಬರಿನಲ್ಲಿ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಬಂದಿದ್ದರೆ ಮೂರನೇ ದಿನಕ್ಕೇ ವಾಪಸ್ ಹೋಗುತ್ತಿದ್ದಳು. ಇಲ್ಲಿನವರು ಬೀಚಿಗೆ ಬರುವುದು ಅರ್ಧಕ್ಕರ್ಧ ಮನೆಯೊಳಗೆ ಬೇಯಲಾರದೆ. ಬೆಂಗಳೂರಿನ ತಂಪಿನಲ್ಲಿ ಯಾರಿಗೂ ಹೊರಗೆ ಓಡುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು, ಈ ಮರಳು ಎಲ್ಲರದು ಅಂದೆ, ಆದರೆ ಮೊದಲು ಅದು ಮೀನು ಹಿಡಿಯುವವರದು. ಪಕ್ಕದ ಊರೂರ್ ಕುಪ್ಪದವರು ದೋಣಿ ಎಳೆದು, ಬಲೆ ಒಣಗಿಸಿ, ಮೀನು ಮಾರುವ ಅಂಗಳ. ನಮ್ಮಂಥವರ ಕಾರು, ಹೋಟೆಲು ಜಾಸ್ತಿ ಆದಷ್ಟೂ ಅವರ ಅಂಗಳ ಸಣ್ಣದಾಗುತ್ತಿದೆ. ಡಿಸೆಂಬರ್ 26ಕ್ಕೆ ಕೆಲವು ಹೆಂಗಸರು ಸಮುದ್ರಕ್ಕೆ ಹಾಲು ಹೊಯ್ದು, ಹೂ ಬಿಟ್ಟು ಅಳುವುದನ್ನು ಅಮ್ಮ ನೋಡಿದಳು. 2004ರ ಸುನಾಮಿಯಲ್ಲಿ ಹೋದವರಿಗಾಗಿ. ಆ ದಿನ ಅಮ್ಮ ಕೂರಲಿಲ್ಲ. ದೂರದಿಂದಲೇ ಕೈ ಮುಗಿದು ಮನೆಗೆ ಹೋಗೋಣ ಅಂದಳು.

2016ರ ಸೆಪ್ಟೆಂಬರಿನ ಕಾವೇರಿ ಗಲಾಟೆಯ ಆ ಕೆಲವು ದಿನವನ್ನೂ ನಾನು ಮರೆತಿಲ್ಲ. ಅಲ್ಲಿ ತಮಿಳರ ಬಸ್ಸು ಸುಟ್ಟರು, ಇಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ಬೆಂಕಿ ಎಸೆದರು. ಅದೇ ಬೀಚಿನಲ್ಲಿ ಅಮ್ಮನ ಫೋನ್ ಬಂದರೆ ಎತ್ತದೆ, ಮನೆಗೆ ಬಂದು ಮಾತಾಡುತ್ತಿದ್ದೆ. ಆಗ ಮೇಲಿಂದ ಇಳಿದು ಬಂದು "ಹೆದರಬೇಡ, ಬಾ, ಕೂರೋಣ" ಅಂದಿದ್ದು ಇದೇ ಪಾಟಿ.

ಹೋದ ವಾರ ತಮ್ಮ ಒಂದು ಫೋಟೋ ಕಳಿಸಿದ. ಅವರ ಕಟ್ಟಡದ ಗೇಟಿನ ಪಕ್ಕ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಎದುರುಮನೆ ಅಜ್ಜಿ. ಧಾರವಾಡ ಕಡೆಯವರಂತೆ. ಎರಡು ವರ್ಷದಿಂದ ಎದುರು ಬದುರು ಇದ್ದರೂ ಮಾತಾಡಿದ್ದು ಈಗಲೇ. ಮಧ್ಯೆ ಒಂದು ಸ್ಟೂಲು, ಅದರ ಮೇಲೆ ಒಂದು ಬಟ್ಟಲು ಉಸಲಿ. ಝೂಮ್ ಮಾಡಿ ನೋಡಿದೆ. ಮಾವಿನಕಾಯಿ ಹಾಕಿದ್ದಾಳೆ.

ನಿನ್ನೆ ಅಮ್ಮನೇ ಫೋನ್ ಮಾಡಿದಳು. ಮುಂದಿನ ಕಾಣುಂ ಪೊಂಗಲ್ಲಿಗೆ ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಹಾಕಿಸು ಅಂದಳು. ಈಗಲೇ ಬುಕಿಂಗ್ ಬಿಟ್ಟಿರಲ್ಲಮ್ಮ ಅಂದೆ. "ಬಿಟ್ಟಾಗ ಮರೀಬೇಡ. ಎರಡು ಹಾಕಿಸು. ಅವರಿಗೂ ಸಮುದ್ರ ನೋಡ್ಬೇಕಂತೆ" ಅಂದಳು.