ದಿನಚರಿ ಬರೆಯದವರಿಗೆ ಕೂಲಿ ಇಲ್ಲ

ಈಗ ಡಿಜಿಟಲ್ ದಿನಚರಿಯ ಕಾಲ. ಟ್ಯಾಬ್ಲೆಟ್‌ನಲ್ಲಿ ಒಂದು ಪುಟ ತೆರೆಯಬೇಕು. ಕುಡಿದ ಕಾಫಿಯ ಫೋಟೋ ಅಂಟಿಸಬೇಕು. ಮೂಲೆಗೊಂದು ಹೂವಿನ ಟೇಪ್ ಹಚ್ಚಬೇಕು. ಆ ಟೇಪ್ ಯಾವುದಕ್ಕೂ ಅಂಟುವುದಿಲ್ಲ, ಅದು ಟೇಪಿನ ಚಿತ್ರ ಅಷ್ಟೇ. ಆದರೂ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಪಕ್ಕದಲ್ಲಿ ಎರಡು ಎಲೆ, ಒಂದು ಬೆಕ್ಕು. ಕೆಳಗೆ ದಿನಾಂಕ, ಜಾಗ, ಹವಾಮಾನ, ಮನಸ್ಸು ಹೇಗಿದೆ ಎಂಬುದರ ವಿವರ. 2023ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿ ಐಫೋನಿಗೇ ಜರ್ನಲ್ ಅಂತ ಒಂದು ಆಪ್ ಕೊಟ್ಟಿತು. ನೀವು ಎಲ್ಲಿ ಓಡಾಡಿದಿರಿ, ಏನು ಫೋಟೋ ತೆಗೆದಿರಿ ಅಂತ ನೋಡಿಕೊಂಡು, ಇವತ್ತು ಏನು ಬರೆಯಬಹುದು ಅಂತ ಅದೇ ಹೇಳಿಕೊಡುತ್ತದೆ.

ಬೆಂಗಳೂರಿನ ಕೆಫೆಗಳಲ್ಲಿ ಕೂತು ಇದನ್ನು ಮಾಡುವವರು ತಾವೇ ಮುಂದಿದ್ದೇವೆ ಅಂದುಕೊಂಡಿರಬಹುದು. ಸುಮ್ನೆ ಭ್ರಮೆ. ಈ ಕಲೆಯಲ್ಲಿ ಪಳಗಿದವರು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿದ್ದಾರೆ. ಅವರ ಆಲ್ಬಮ್ಮಿನಲ್ಲಿ ಬೆಕ್ಕಿಲ್ಲ, ಎಲೆಯಿಲ್ಲ. ಗುಂಡಿ, ಗುದ್ದಲಿ, ಅಕ್ಷಾಂಶ, ರೇಖಾಂಶ ಇವೆ. ಅವರಿಗೆ ಇದು ಹವ್ಯಾಸವೂ ಅಲ್ಲ. ಪುಟ ತುಂಬದಿದ್ದರೆ ಆ ದಿನದ ಕೂಲಿಯೇ ಬರುವುದಿಲ್ಲ.

ನರೇಗಾ, ಅಂದರೆ ಉದ್ಯೋಗ ಖಾತರಿ ಕೆಲಸಕ್ಕೆ ಎನ್‌ಎಂಎಂಎಸ್ ಎಂಬ ಹಾಜರಿ ಆಪ್ ಬಂದದ್ದು 2021ರಲ್ಲಿ. 2023ರ ಜನವರಿ 1ರಿಂದ ಕಡ್ಡಾಯವಾಯಿತು. ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರು ಬರೆಯುತ್ತಾರೆ, ಅದನ್ನು ತಡೆಯಬೇಕು ಎಂಬುದು ಕಾರಣ. ಬರೆಯುತ್ತಿದ್ದದ್ದು ನಿಜವೇ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಕಾಯಕ ಬಂಧು, ಅಂದರೆ ಕೂಲಿಕಾರರ ಮೇಸ್ತ್ರಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದಿನಕ್ಕೆ ಎರಡು ಫೋಟೋ ತೆಗೆಯಬೇಕು. ಬೆಳಿಗ್ಗೆ ಒಂದು, ಕೆಲವು ಗಂಟೆ ಬಿಟ್ಟು ಇನ್ನೊಂದು. "ಅಕ್ಕಾ, ಸೆರಗು ಸ್ವಲ್ಪ ಸರಿಸಿ, ಮುಖ ಕಾಣ್ತಿಲ್ಲ. ಅಣ್ಣಾ, ಗುದ್ದಲಿ ಕೆಳಗಿಡಿ, ಹಿಂದಿನವರಿಗೆ ಅಡ್ಡ ಬರುತ್ತೆ." ಗುದ್ದಲಿ ಕೆಳಗಿಟ್ಟ ಮೇಲೆಯೇ ಕೆಲಸ ನಡೆಯುತ್ತಿದೆ ಅಂತ ದಾಖಲಾಗುವುದು.

ತಮಾಷೆ ಇರುವುದು ಎರಡನೇ ಫೋಟೋದಲ್ಲಿ. ನರೇಗಾದಲ್ಲಿ ಮಣ್ಣು ಅಗೆದ ಅಳತೆ ನೋಡಿ ಕೂಲಿ ಲೆಕ್ಕ ಹಾಕುತ್ತಾರೆ. ಬೇಸಿಗೆಯಲ್ಲಿ ಹೆಂಗಸರು ಕತ್ತಲಿರುವಾಗಲೇ ಬಂದು, ಬಿಸಿಲು ಏರುವುದರೊಳಗೆ ತಮ್ಮ ಪಾಲಿನ ಗುಂಡಿ ಮುಗಿಸಿಬಿಡುತ್ತಾರೆ. ಆಮೇಲೆ ಮನೆಗೆ ಹೋಗಿ ಹಸು, ಮಕ್ಕಳು, ಒಲೆ ನೋಡಿಕೊಳ್ಳಬಹುದಿತ್ತು. ಆದರೆ ಎರಡನೇ ಫೋಟೋ ಬಾಕಿ ಇದೆ. ಹಾಗಾಗಿ ಗುಂಡಿಯ ಪಕ್ಕ ಕೂತು ಗುಂಡಿ ನೋಡುತ್ತಾ ಕಾಯುತ್ತಾರೆ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಅದರಲ್ಲಿ ಅಗೆದದ್ದಕ್ಕೆಷ್ಟು, ಪೋಸ್ ಕೊಟ್ಟಿದ್ದಕ್ಕೆಷ್ಟು ಅಂತ ಬಿಡಿಸಿ ಹೇಳುವ ಎಂಜಿನಿಯರ್ ಇನ್ನೂ ಹುಟ್ಟಿಲ್ಲ.

ನೆಟ್‌ವರ್ಕ್ ವಿಷಯ ಬೇರೆ. ಮಲೆನಾಡಿನ ಕಡೆ ಫೋಟೋ ತೆಗೆಯುವುದು ಹಳ್ಳದಲ್ಲಿ, ಕಳಿಸುವುದು ಗುಡ್ಡದ ತಲೆಯ ಮೇಲೆ.

ಇಷ್ಟೆಲ್ಲ ಮಾಡಿದ ಮೇಲೆ ಸುಳ್ಳು ನಿಂತಿರಬೇಕಲ್ಲ? ಸುಳ್ಳು ನಿಲ್ಲಲಿಲ್ಲ, ಅದೂ ಆಪ್ ಕಲಿಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋಗಳು ಬರುತ್ತಿವೆ. ಫೋಟೋದಲ್ಲಿರುವ ತಲೆಗಳಿಗೂ ಹಾಜರಿಗೂ ತಾಳೆಯಾಗುತ್ತಿಲ್ಲ. ಪಟ್ಟಿಯಲ್ಲಿ ಗಂಡಸರು, ಚಿತ್ರದಲ್ಲಿ ಹೆಂಗಸರು. ಇನ್ನೂ ಕೆಲವರು ಹಳೇ ಫೋಟೋವನ್ನೇ ಎದುರಿಗಿಟ್ಟು ಅದರ ಫೋಟೋ ತೆಗೆದು ಕಳಿಸುತ್ತಿದ್ದಾರೆ. ನನ್ನನ್ನು ಕೇಳಿದರೆ ಆಲ್ಬಂ ಕಲೆಯ ತುತ್ತತುದಿ ಇದೇ. ಒಮ್ಮೆ ಅಗೆದ ಗುಂಡಿಗೆ ಎಷ್ಟು ದಿನ ಬೇಕಾದರೂ ಕೂಲಿ!

ಇದಕ್ಕೆ ಸಚಿವಾಲಯ ಕಂಡುಕೊಂಡ ಪರಿಹಾರ ಏನು ಗೊತ್ತಾ? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೋಗಳನ್ನೂ, ಅಂದರೆ 100ಕ್ಕೆ 100ನ್ನೂ, ಮನುಷ್ಯರು ಕೂತು ನೋಡಬೇಕು. ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದವರೂ ಒಂದಷ್ಟು ಪಾಲು ನೋಡಬೇಕು. ಮನುಷ್ಯರನ್ನು ನಂಬಲಾಗದು ಅಂತ ಆಪ್ ತಂದರು, ಆಪನ್ನು ನಂಬಲಾಗದು ಅಂತ ಮನುಷ್ಯರನ್ನು ಕೂರಿಸಿದರು. ಕನ್ನಡದ ಯಾವ ಕವಿಗೆ ಇಂಥ ಓದುಗರಿದ್ದಾರೆ ಹೇಳಿ. ಕಾಲುವೆ ಹೂಳೆತ್ತಿದ ಚಿತ್ರಕ್ಕೆ ನಾಲ್ಕು ಹಂತದ ವಿಮರ್ಶಕರು. ಕಾಲುವೆಗೆ ನೀರು ಬಂತಾ ಅಂತ ನೋಡಲು ಹೋಗುವವರಿಗೆ ಮಾತ್ರ ಟೈಮಿಲ್ಲ.

ನರೇಗಾ ಒಂದೇ ಅಲ್ಲ. ಯಾವ ಇಲಾಖೆಯ ವಾಟ್ಸಾಪ್ ಗ್ರೂಪ್ ತೆರೆದರೂ ಜಿಪಿಎಸ್ ಕ್ಯಾಮೆರಾದ ಚಿತ್ರಗಳದ್ದೇ ಸುರಿಮಳೆ. ಚಿತ್ರದ ಕೆಳಭಾಗವನ್ನೆಲ್ಲ ನಕ್ಷೆ, ವಿಳಾಸ, ಸಮಯ ಆಕ್ರಮಿಸಿಕೊಂಡಿರುತ್ತವೆ. ಉಳಿದ ಜಾಗದಲ್ಲಿ ಮನುಷ್ಯರು ಹೊಂದಿಕೊಳ್ಳಬೇಕು. ಜೂನ್ 5ರ ಪರಿಸರ ದಿನ ಬಂತೆಂದರೆ ಒಂದು ಸಸಿ, ಅದನ್ನು ಹಿಡಿದುಕೊಂಡ ಹತ್ತು ಕೈ. ನೀರು ಹಾಕುವ ಕೈ ಯಾವುದು ಅಂತ ಗೊತ್ತಾಗುವುದಿಲ್ಲ. ಸಸಿ ಎಲ್ಲಿತ್ತು ಅಂತ ಮಾತ್ರ ದಶಾಂಶ ಬಿಂದುವಿನ ಆಚೆ ಆರು ಅಂಕಿಯವರೆಗೆ ಗೊತ್ತು. ಆಡು ತಿಂದು ಹೋದ ಮೇಲೂ ಆ ಅಂಕಿ ಹಾಗೇ ಇರುತ್ತದೆ.

ರೈತರಿಗೂ ಒಂದು ಪುಟ ಇದೆ. 2020ರಿಂದ ರಾಜ್ಯದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಮೊಬೈಲ್‌ನಲ್ಲಿ ಮಾಡಬಹುದು. ತಮ್ಮ ಸರ್ವೆ ನಂಬರಿನ ಒಳಗೇ ನಿಂತು ಫೋಟೋ ತೆಗೆಯಬೇಕು. ಐಡಿಯಾ ಕೆಟ್ಟದ್ದಲ್ಲ. ಆದರೆ ಆಪ್‌ನಲ್ಲಿ ತೊಗರಿ, ಹೊಲದಲ್ಲಿ ಹತ್ತಿ ಆಗಿಬಿಟ್ಟರೆ ಕಥೆ ಶುರು. ವಿಮೆಯವರು ಆಪ್ ನೋಡುತ್ತಾರೆ, ಹುಳ ಹೊಲ ನೋಡುತ್ತದೆ.

ಸರ್ಕಾರಿ ಮನೆ ಮಂಜೂರಾದ ಗಂಡ ಹೆಂಡತಿಯ ಆಲ್ಬಂ ಇನ್ನೂ ಚೆನ್ನ. ತಳಪಾಯದ ಮುಂದೆ ಒಂದು ಫೋಟೋ, ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು, ಛಾವಣಿಗೆ ಒಂದು. ಒಂದೊಂದು ಫೋಟೋಗೆ ಒಂದೊಂದು ಕಂತು. ಕಂತುಗಳ ನಡುವೆ ಮಳೆಗಾಲಗಳು ಬಂದು ಹೋಗುತ್ತವೆ. ಮೊದಲ ಫೋಟೋದಲ್ಲಿ ಸೊಂಟದ ಮೇಲಿದ್ದ ಮಗು ಮೂರನೆಯದರಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತಿರುತ್ತದೆ. ಶೌಚಾಲಯ ಕಟ್ಟಿಸಿಕೊಂಡವರದ್ದೂ ಇದೇ ಪಾಡು. ಮದುವೆ ಫೋಟೋದಲ್ಲಿ ಕೂಡ ಯಜಮಾನ ಅಷ್ಟು ನೆಟ್ಟಗೆ ನಿಂತಿರುವುದಿಲ್ಲ.

ಆಲ್ಬಂ ಅಂದ ಮೇಲೆ ಸ್ಟಿಕ್ಕರ್ ಬೇಡವಾ? 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅದೂ ಬಂತು. ಕರೆಂಟ್ ಮೀಟರ್ ಓದುವವರು ಮನೆಮನೆಗೆ ಹೋಗಿ ಬಾಗಿಲ ಹತ್ತಿರ ನಂಬರ್ ಅಂಟಿಸಿ, ಮನೆಯ ಜಾಗವನ್ನು ಮೊಬೈಲಿಗೆ ಹತ್ತಿಸಿದರು. ಸೆಪ್ಟೆಂಬರ್ 22ರಿಂದ ಮೇಷ್ಟ್ರುಗಳು 60 ಪ್ರಶ್ನೆ ಹಿಡಿದು ಹೊರಟರು. ಮೊಬೈಲ್ ತೋರಿಸಿದ ಕಡೆ ಹೋದರೆ ಎಷ್ಟೋ ಕಡೆ ಮನೆಯೇ ಸಿಗಲಿಲ್ಲ. ಇಷ್ಟು ವರ್ಷ ಹುಡುಗರಿಗೆ ನಕ್ಷೆ ಓದುವುದನ್ನು ಕಲಿಸಿದವರಿಗೆ ನಕ್ಷೆ ಕಲಿಸಿದ ಪಾಠ ಅದು.

ಈ ಎಲ್ಲ ಪುಟಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಪಿಂಚಣಿದಾರರದ್ದು. ಜೀವನ್ ಪ್ರಮಾಣ್ ಅಂತ ಅದರ ಹೆಸರು. 2014ರಲ್ಲಿ ಶುರುವಾಯಿತು. ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ಒಂದೇ ಒಂದು ಸಾಲಿನ ದಿನಚರಿ: ಬದುಕಿದ್ದೇನೆ. ಎಂಬತ್ತು ದಾಟಿದವರು ಅಕ್ಟೋಬರ್‌ನಲ್ಲೇ ಹೇಳಬಹುದು, ಅವರಿಗೆ ಅವಸರ ಇರುತ್ತದೆ ಅಂತ ಸರ್ಕಾರಕ್ಕೂ ಗೊತ್ತು. ಮೊದಲು ಬೆರಳು ಒತ್ತಬೇಕಿತ್ತು. ರೊಟ್ಟಿ ತಟ್ಟಿ, ಪಾತ್ರೆ ತಿಕ್ಕಿ ಸವೆದ ಬೆರಳುಗಳು ಬದುಕಿಲ್ಲ ಅಂತ ಯಂತ್ರ ಹೇಳಿಬಿಡುತ್ತಿತ್ತು. 2021ರಲ್ಲಿ ಮುಖ ತೋರಿಸಿದರೂ ಸಾಕು ಅಂತಾಯಿತು. ಬರೀ ತೋರಿಸಿದರೆ ಸಾಲದು, ಕಣ್ಣು ಮಿಟುಕಿಸಬೇಕು. ಮಿಟುಕಿಸದವರು ಫೋಟೋ ಆಗಿರಬಹುದಲ್ಲ. ನರೇಗಾದಲ್ಲಿ ಪಾಠ ಕಲಿತವರೇ ಇದನ್ನು ಮಾಡಿರಬೇಕು ಅಂತ ನನ್ನ ಗುಮಾನಿ.

ನಮ್ಮೂರಿನ ಜೆರಾಕ್ಸ್ ಅಂಗಡಿಗೆ ಒಬ್ಬರು ಅಜ್ಜಿ ಬಂದಿದ್ದರು. ರೈಲ್ವೆಯಲ್ಲಿದ್ದ ಗಂಡನ ಕುಟುಂಬ ಪಿಂಚಣಿ ಅವರಿಗೆ ಬರುತ್ತದೆ. ಅಂಗಡಿಯ ಹುಡುಗ ಮೊಬೈಲ್ ಹಿಡಿದ.

"ಮುಖ ಹೊಂದ್ತಿಲ್ಲ ಅಜ್ಜಿ. ಆಧಾರ್‌ನಲ್ಲಿ ಸ್ವಲ್ಪ ದಪ್ಪ ಇದ್ದೀರಿ."

"ಆಗ ಅವರು ಇದ್ರಲ್ಲಪ್ಪ, ಊಟ ಸೇರ್ತಿತ್ತು."

"ಕನ್ನಡಕ ತೆಗೀರಿ. ಹಾಂ. ಈಗ ಕಣ್ಣು ಮಿಟುಕಿಸಿ."

"ನಿನ್ನ ಎದುರಿಗೇ ಕೂತಿದ್ದೀನಿ, ಮಾತಾಡ್ತಿದ್ದೀನಿ. ಬದುಕಿದ್ದೀನಿ ಅನ್ನೋಕೆ ಅಷ್ಟು ಸಾಲದಾ?"

"ನನಗೆ ಸಾಕು ಅಜ್ಜಿ, ಇದಕ್ಕೆ ಸಾಲದು. ಮಿಟುಕಿಸಿ."

ಅಜ್ಜಿ ಮಿಟುಕಿಸಿದರು. ಒಂದಲ್ಲ, ನಾಲ್ಕು ಸಲ. ಕೊನೆಗೆ ಹಸಿರು ಗೆರೆ ಬಂತು. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾ ಕೇಳಿದರು:

"ಅಲ್ಲ ಮಗಾ, ಸತ್ತ ಮೇಲೂ ಒಂದ್ಸಲ ಬಂದು ಮಿಟುಕಿಸಿ ಹೋಗ್ಬೇಕಾ?"

"ಇಲ್ಲ ಅಜ್ಜಿ," ಅಂದ ಹುಡುಗ, ಚಿಲ್ಲರೆ ಎಣಿಸುತ್ತಾ. "ಸತ್ತಿದ್ದಕ್ಕೆ ಬೇರೆ ವೆಬ್‌ಸೈಟ್ ಇದೆ. ಇ-ಜನ್ಮ ಅಂತ."